6-32 ಯಾವುದು, ಎಂ3 ಯಾವುದು: ಡೆಸ್ಕ್‌ಟಾಪ್ ಜೋಡಿಸುವವರಿಗೆ ಸ್ಕ್ರೂಗಳ ಪರಿಚಯ

ಹೊಸ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದರೆ, ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಕಟ್ಟಿಟ್ಟ ಪುಟ್ಟ ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಅದರಲ್ಲಿ ನಲವತ್ತೋ ಐವತ್ತೋ ಸ್ಕ್ರೂಗಳು ಒಟ್ಟಿಗೆ ಬೆರೆತಿರುತ್ತವೆ. ಕೆಲವು ಕಪ್ಪು, ಕೆಲವು ಬೆಳ್ಳಿ ಬಣ್ಣದವು. ಕೆಲವಕ್ಕೆ ಆರು ಮೂಲೆಯ ತಲೆ, ಕೆಲವಕ್ಕೆ ಚಪ್ಪಟೆ ತಲೆ. ಜೊತೆಗೆ ಹಿತ್ತಾಳೆಯ ನಾಲ್ಕೈದು ಗಿಡ್ಡ ಕಂಬಗಳು. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ಗಳನ್ನು ವಾರಗಟ್ಟಲೆ ಹೋಲಿಸಿ ನೋಡಿ ಕೊಂಡವರು ಕೂಡ ಈ ಚೀಲವನ್ನು ಮೇಜಿನ ಮೇಲೆ ಸುರಿದ ಕ್ಷಣದಲ್ಲಿ ತಡವರಿಸುತ್ತಾರೆ. ಕೈಗೆ ಸಿಕ್ಕಿದ ಸ್ಕ್ರೂವನ್ನು ಕಣ್ಣಿಗೆ ಸರಿ ಎನಿಸಿದ ತೂತಿಗೆ ಹಾಕಿ ತಿರುಗಿಸಿಬಿಡುವುದು ಅಂಥ ಹೊತ್ತಿನಲ್ಲಿ ಸಹಜ. ಆದರೆ ಯಂತ್ರದ ಭಾಗಗಳು ವಾಪಸು ಸರಿಪಡಿಸಲಾಗದಂತೆ ಕೆಡುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಆ ಚೀಲದಲ್ಲಿರುವ ಸ್ಕ್ರೂಗಳು ಎರಡು ಬೇರೆ ಬೇರೆ ಅಳತೆಯ ಪದ್ಧತಿಗಳಿಗೆ ಸೇರಿದವು, ಮತ್ತು ಆ ಎರಡು ಪದ್ಧತಿಗಳ ಸ್ಕ್ರೂಗಳು ನೋಟಕ್ಕೆ ಬಹಳ ಹತ್ತಿರ.

ಮೊದಲನೆಯದು ಇಂಚಿನ ಪದ್ಧತಿಯ 6-32. ಈ ಹೆಸರನ್ನು ಬಿಡಿಸಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಮುಂದಿನ 6 ಎಂಬುದು ದಪ್ಪವನ್ನು ಸೂಚಿಸುವ ಸಂಖ್ಯೆ. ಅಮೆರಿಕದ ಪದ್ಧತಿಯಲ್ಲಿ ಸಣ್ಣ ಸ್ಕ್ರೂಗಳ ಹೊರವ್ಯಾಸವನ್ನು ನೇರವಾಗಿ ಹೇಳದೆ ಹೀಗೆ ಒಂದು ಸಂಖ್ಯೆಯಿಂದ ಹೇಳುತ್ತಾರೆ: ಸೊನ್ನೆ ಸಂಖ್ಯೆಯ ಸ್ಕ್ರೂವಿನ ವ್ಯಾಸ 0.060 ಇಂಚು, ಅಲ್ಲಿಂದ ಮುಂದೆ ಒಂದೊಂದು ಸಂಖ್ಯೆಗೂ 0.013 ಇಂಚು ಹೆಚ್ಚಾಗುತ್ತದೆ. ಈ ಲೆಕ್ಕದಲ್ಲಿ 6ನೇ ಸಂಖ್ಯೆಗೆ 0.138 ಇಂಚು, ಅಂದರೆ ಸುಮಾರು 3.5 ಮಿ.ಮೀ. ಬರುತ್ತದೆ. ಹಿಂದಿನ 32 ಎಂಬುದು ಒಂದು ಇಂಚು ಉದ್ದದಲ್ಲಿ ಎಷ್ಟು ಥ್ರೆಡ್‌ಗಳಿವೆ, ಅಂದರೆ ಸ್ಕ್ರೂವಿನ ಮೈ ಸುತ್ತಿದ ಸುರುಳಿಯ ಎಷ್ಟು ಸುತ್ತುಗಳಿವೆ, ಎಂಬುದರ ಎಣಿಕೆ. 25.4 ಮಿ.ಮೀ.ಯನ್ನು 32ರಿಂದ ಭಾಗಿಸಿದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ಅಂತರ, ಅಂದರೆ ಪಿಚ್, ಸುಮಾರು 0.79 ಮಿ.ಮೀ. ಎಂದು ತಿಳಿಯುತ್ತದೆ.

ಎರಡನೆಯದು ಮೆಟ್ರಿಕ್ ಪದ್ಧತಿಯ ಎಂ3. ಇದರ ಹೆಸರು ಸರಳ: ಹೊರವ್ಯಾಸ 3 ಮಿ.ಮೀ., ಪಿಚ್ 0.5 ಮಿ.ಮೀ. ಹೆಸರಿನ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇದ್ದರೆ ಅದು ಉದ್ದ. ಎಂ3×5 ಎಂದರೆ ತಲೆಯನ್ನು ಬಿಟ್ಟು 5 ಮಿ.ಮೀ. ಉದ್ದದ ಸ್ಕ್ರೂ.

ಒಂದೇ ಪೆಟ್ಟಿಗೆಯೊಳಗೆ ಎರಡು ಪದ್ಧತಿಗಳು ಸೇರಿಕೊಂಡದ್ದಕ್ಕೆ ಇತಿಹಾಸದ ಹಿನ್ನೆಲೆ ಇದೆ. ಅಮೆರಿಕ, ಬ್ರಿಟನ್ ಮತ್ತು ಕೆನಡಾ ದೇಶಗಳು 1948ರಲ್ಲಿ ತಮ್ಮ ಇಂಚಿನ ಥ್ರೆಡ್‌ಗಳನ್ನು ಒಂದೇ ಮಾದರಿಗೆ ತರಲು ಒಪ್ಪಿಕೊಂಡವು. 6-32 ಆ ಕುಟುಂಬದ್ದು. ಐಬಿಎಂ ಕಂಪನಿ 1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗಲೂ, ಇಂಟೆಲ್ ಕಂಪನಿ 1995ರಲ್ಲಿ ಇಂದಿನ ಕ್ಯಾಬಿನೆಟ್‌ಗಳಿಗೆ ಆಧಾರವಾದ ಎಟಿಎಕ್ಸ್ ಮಾದರಿಯನ್ನು ಪ್ರಕಟಿಸಿದಾಗಲೂ ಅಮೆರಿಕದ ಕೈಗಾರಿಕೆ ಇಂಚಿನಲ್ಲೇ ಯೋಚಿಸುತ್ತಿತ್ತು. ಹಾಗಾಗಿ ಕ್ಯಾಬಿನೆಟ್ಟಿನ ಮೈಗೆ, ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ಗೆ, ದೊಡ್ಡ ಹಾರ್ಡ್ ಡಿಸ್ಕ್‌ಗೆ ಇಂಚಿನ ಸ್ಕ್ರೂ ಬಂತು. ಫ್ಲಾಪಿ ಡ್ರೈವ್, ಸಿಡಿ ಡ್ರೈವ್, ಲ್ಯಾಪ್‌ಟಾಪ್ ಗಾತ್ರದ ಡಿಸ್ಕ್ ಮುಂತಾದವು ಮೆಟ್ರಿಕ್ ಅಳತೆಯನ್ನು ಹಿಡಿದವು. ಹಳೆಯ ಭಾಗಗಳೊಂದಿಗೆ ಹೊಸವು ಹೊಂದಬೇಕೆಂಬ ಕಾರಣಕ್ಕೆ ಎರಡೂ ಹಾಗೆಯೇ ಉಳಿದುಕೊಂಡಿವೆ.

ಇನ್ನು ಇವೆರಡನ್ನು ಕೈಯಲ್ಲಿ ಹಿಡಿದು ಗುರುತಿಸುವ ಬಗೆ. ದಪ್ಪದ ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಒಂದರ ಪಕ್ಕ ಇನ್ನೊಂದನ್ನು ಇಡದಿದ್ದರೆ ಅದು ಕಣ್ಣಿಗೆ ಸಿಗುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ದಪ್ಪವನ್ನಲ್ಲ, ಥ್ರೆಡ್ಡನ್ನು. ಎಂ3 ಸ್ಕ್ರೂವಿನ ಥ್ರೆಡ್‌ಗಳು ಒತ್ತೊತ್ತಾಗಿರುತ್ತವೆ. ಬೆರಳಿನ ಉಗುರನ್ನು ಅದರ ಮೇಲೆ ಎಳೆದರೆ ನುಣುಪಾದ ಅರದ ಹಾಗೆ ತಾಗುತ್ತದೆ. 6-32ರ ಥ್ರೆಡ್‌ಗಳು ಬಿಡಿಬಿಡಿಯಾಗಿದ್ದು ಉಗುರು ಒಂದೊಂದರಲ್ಲೂ ಸಿಕ್ಕಿ ಏಳುತ್ತದೆ. ಅನುಮಾನವಿದ್ದರೆ ಶಾಲೆಯ ಮಕ್ಕಳ ಸ್ಕೇಲಿನ ಮೇಲೆ ಸ್ಕ್ರೂವನ್ನು ಅಡ್ಡ ಇಟ್ಟು 5 ಮಿ.ಮೀ. ಉದ್ದದಲ್ಲಿ ಎಷ್ಟು ಥ್ರೆಡ್‌ಗಳಿವೆ ಎಂದು ಎಣಿಸಬಹುದು. ಎಂ3 ಆದರೆ ಹತ್ತು, 6-32 ಆದರೆ ಆರಕ್ಕಿಂತ ಸ್ವಲ್ಪ ಹೆಚ್ಚು. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ ಎಣಿಕೆ ಇನ್ನೂ ಸುಲಭ.

ತಲೆಯ ಆಕಾರದಿಂದ ಗುರುತಿಸುವ ಅಭ್ಯಾಸ ಅನೇಕರಿಗಿದೆ. ಆರು ಮೂಲೆಯ ತಲೆಯಿದ್ದರೆ 6-32, ದುಂಡಗೆ ಚಪ್ಪಟೆಯಾಗಿದ್ದರೆ ಎಂ3 ಎಂಬ ಈ ಲೆಕ್ಕ ಬಹಳಷ್ಟು ಸಲ ಸರಿಹೋಗುತ್ತದೆ, ಆದರೆ ಯಾವ ಮಾನದಂಡವೂ ಅದನ್ನು ಕಡ್ಡಾಯ ಮಾಡಿಲ್ಲ. ಚಪ್ಪಟೆ ತಲೆಯ 6-32 ಸ್ಕ್ರೂಗಳು ಧಾರಾಳವಾಗಿವೆ. ಬಣ್ಣವಂತೂ ಏನನ್ನೂ ಹೇಳುವುದಿಲ್ಲ.

ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಎರಡು ದಿಕ್ಕಿನ ತಪ್ಪುಗಳ ಪರಿಣಾಮ ಬೇರೆ ಬೇರೆ. 6-32 ಸ್ಕ್ರೂವನ್ನು ಎಂ3 ತೂತಿಗೆ ಹಾಕಲು ಹೋದರೆ ಅದು ತುದಿಯಲ್ಲೇ ನಿಲ್ಲುತ್ತದೆ. ತೂತಿನ ಒಳಗಿನ ಬಾಯಿ ಸುಮಾರು 2.5 ಮಿ.ಮೀ. ಮಾತ್ರ ಇರುವಾಗ 3.5 ಮಿ.ಮೀ. ದಪ್ಪದ ವಸ್ತು ಅಲ್ಲಿ ಇಳಿಯುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು ಬಲ ಹಾಕಿದರೆ ಮಾತ್ರ ಅದು ಒಳಗಿನ ಥ್ರೆಡ್ಡನ್ನು ಕತ್ತರಿಸುತ್ತ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಬಿಗಿಯೇ ನಮಗೆ ಎಚ್ಚರಿಕೆ ಕೊಡುತ್ತದೆ. ಎರಡನೆಯ ತಪ್ಪು ಹಾಗಲ್ಲ. 6-32ರ ತೂತಿನ ಒಳಬಾಯಿ ಸುಮಾರು 2.6ರಿಂದ 2.9 ಮಿ.ಮೀ. ಇರುವುದರಿಂದ ಎಂ3 ಸ್ಕ್ರೂ ಅದರೊಳಗೆ ಸಲೀಸಾಗಿ ಇಳಿಯುತ್ತದೆ, ಥ್ರೆಡ್ಡಿನ ತುದಿಗಳು ಕೂದಲೆಳೆಯಷ್ಟು ಮಾತ್ರ ತಾಗುತ್ತವೆ, ಕೊನೆಯಲ್ಲಿ ತಲೆ ಕೂತಾಗ ಬಿಗಿಯಾದಂತೆಯೂ ಅನಿಸುತ್ತದೆ. ನಾನು ಮೊದಲ ಬಾರಿ ಹಳೆಯ ಕ್ಯಾಬಿನೆಟ್ಟೊಂದರಲ್ಲಿ ಯಂತ್ರ ಜೋಡಿಸಿದಾಗ ಹಾರ್ಡ್ ಡಿಸ್ಕ್‌ನ ನಾಲ್ಕೂ ತೂತುಗಳಿಗೆ ಎಂ3 ಹಾಕಿದ್ದೆ. ಕೆಲವು ತಿಂಗಳು ಏನೂ ತಿಳಿಯಲಿಲ್ಲ. ಮನೆ ಬದಲಿಸುವಾಗ ಕ್ಯಾಬಿನೆಟ್ಟನ್ನು ಎತ್ತಿದೆ, ಡಿಸ್ಕ್ ತನ್ನ ಗೂಡಿನಲ್ಲಿ ಅಲುಗಾಡಿತು, ಎರಡು ಸ್ಕ್ರೂಗಳು ಕೆಳಗೆ ಬಿದ್ದಿದ್ದವು. ಬಿಗಿಯಾಗಿ ನಿಂತು ತಪ್ಪನ್ನು ಹೇಳುವ ಸ್ಕ್ರೂವಿಗಿಂತ, ಸುಲಭವಾಗಿ ಒಳಹೋಗಿ ಸುಮ್ಮನಿರುವ ಸ್ಕ್ರೂವಿನ ಬಗ್ಗೆ ಹೆಚ್ಚು ಜಾಗ್ರತೆ ಬೇಕೆಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಹಾಗಾದರೆ ಯಾವ ಭಾಗಕ್ಕೆ ಯಾವುದು? ಎಸ್‌ಎಂಪಿಎಸ್ಸನ್ನು ಕ್ಯಾಬಿನೆಟ್ಟಿಗೆ ಹಿಡಿಯುವ ನಾಲ್ಕು ಸ್ಕ್ರೂಗಳು 6-32. ಗ್ರಾಫಿಕ್ಸ್ ಕಾರ್ಡಿನ ತಗಡನ್ನು ಹಿಂಬದಿಗೆ ಕಟ್ಟುವವು, ಪಕ್ಕದ ತಗಡುಗಳಿಗೆ ಬರುವ, ಕೈಯಲ್ಲೇ ತಿರುಗಿಸುವ ದಪ್ಪ ತಲೆಯವು ಕೂಡ ಸಾಮಾನ್ಯವಾಗಿ 6-32. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್‌ಗೆ ಬದಿಯಲ್ಲಿರಲಿ, ತಳದಲ್ಲಿರಲಿ 6-32. ಎರಡೂವರೆ ಇಂಚಿನ ಎಸ್‌ಎಸ್‌ಡಿ ಮತ್ತು ಅದೇ ಗಾತ್ರದ ಹಾರ್ಡ್ ಡಿಸ್ಕ್‌ಗೆ ಎಂ3. ಡಿವಿಡಿ ಡ್ರೈವ್‌ಗೂ ಎಂ3. ಡಿಸ್ಕ್ ದೊಡ್ಡದಿದ್ದರೆ ದಪ್ಪ ಥ್ರೆಡ್, ಚಿಕ್ಕದಿದ್ದರೆ ಸಣ್ಣ ಥ್ರೆಡ್ ಎಂದು ನೆನಪಿಟ್ಟುಕೊಂಡರೆ ಡಿಸ್ಕ್‌ಗಳ ವಿಷಯದಲ್ಲಿ ತಪ್ಪುವುದಿಲ್ಲ.

ಡಿಸ್ಕ್‌ಗಳಲ್ಲಿ ಉದ್ದವೂ ಮುಖ್ಯ. ತೂತಿನ ಆಳ ಕೆಲವೇ ಮಿಲಿಮೀಟರ್ ಇರುತ್ತದೆ. ಅದಕ್ಕಿಂತ ಉದ್ದದ ಸ್ಕ್ರೂ ತಳಕ್ಕೆ ಹೋಗಿ ಒತ್ತುತ್ತದೆ, ತಲೆ ಮಾತ್ರ ತಗಡಿಗೆ ತಾಗದೆ ಮೇಲೆಯೇ ಉಳಿಯುತ್ತದೆ. ಇನ್ನೂ ತಿರುಗಿಸಿದರೆ ಒಳಗಿರುವ ವಸ್ತುವಿಗೆ ಪೆಟ್ಟಾಗಬಹುದು. ತಲೆ ಕೂರುವ ಮೊದಲೇ ತಿರುಗುವುದು ನಿಂತರೆ ಅಲ್ಲಿಗೆ ನಿಲ್ಲಿಸಿ ಗಿಡ್ಡ ಸ್ಕ್ರೂ ಹುಡುಕಬೇಕು.

ಮದರ್‌ಬೋರ್ಡಿನ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಬೋರ್ಡನ್ನು ನೇರವಾಗಿ ತಗಡಿನ ಮೇಲೆ ಇಡುವುದಿಲ್ಲ. ಹಿತ್ತಾಳೆಯ ಆ ಗಿಡ್ಡ ಕಂಬಗಳು, ಅಂದರೆ ಸ್ಟ್ಯಾಂಡ್‌ಆಫ್‌ಗಳು, ಅದನ್ನು ಮೇಲಕ್ಕೆತ್ತಿ ಹಿಡಿಯುತ್ತವೆ, ಇಲ್ಲದಿದ್ದರೆ ಬೋರ್ಡಿನ ಹಿಂಬದಿಯ ಬೆಸುಗೆಯ ಚುಕ್ಕೆಗಳು ಕಬ್ಬಿಣದ ತಗಡಿಗೆ ತಾಗಿ ಶಾರ್ಟ್ ಆಗುತ್ತದೆ. ಸ್ಟ್ಯಾಂಡ್‌ಆಫ್‌ನ ಕೆಳಗಿನ ತುದಿ ಗಂಡು ಥ್ರೆಡ್, ಅದು ಕ್ಯಾಬಿನೆಟ್ಟಿನ ತಗಡಿಗೆ ಇಳಿಯುತ್ತದೆ. ಮೇಲಿನ ತುದಿ ಹೆಣ್ಣು ಥ್ರೆಡ್, ಬೋರ್ಡಿನ ಸ್ಕ್ರೂ ಅದಕ್ಕೆ ಇಳಿಯುತ್ತದೆ. ಈ ಮೇಲಿನ ಥ್ರೆಡ್ ಕೆಲವು ಕ್ಯಾಬಿನೆಟ್‌ಗಳಲ್ಲಿ 6-32, ಇನ್ನು ಕೆಲವದರಲ್ಲಿ ಎಂ3. ಬೋರ್ಡಿನಲ್ಲಿರುವ ತೂತು ಸುಮಾರು 4 ಮಿ.ಮೀ. ಅಗಲವಿರುವುದರಿಂದ ಎರಡೂ ಸ್ಕ್ರೂಗಳು ಅದರ ಮೂಲಕ ಆರಾಮವಾಗಿ ಹಾದುಹೋಗುತ್ತವೆ. ಹಾಗಾಗಿ ಬೋರ್ಡನ್ನು ನೋಡಿ ಏನೂ ತಿಳಿಯುವಂತಿಲ್ಲ. ಬೋರ್ಡನ್ನು ಒಳಗಿಡುವ ಮೊದಲೇ ಒಂದು ಸ್ಟ್ಯಾಂಡ್‌ಆಫನ್ನು ಕೈಯಲ್ಲಿ ಹಿಡಿದು, ಚೀಲದ ಸ್ಕ್ರೂವನ್ನು ಬರಿಯ ಬೆರಳಿನಿಂದ ಅದಕ್ಕೆ ತಿರುಗಿಸಿ ನೋಡುವುದು ಒಳ್ಳೆಯದು. ಸರಿಯಾದ ಸ್ಕ್ರೂ ಮೂರು ನಾಲ್ಕು ಸುತ್ತು ತಡೆಯಿಲ್ಲದೆ ಇಳಿಯುತ್ತದೆ, ಮತ್ತು ಹಾಗೆ ಇಳಿದ ಮೇಲೆ ಹಿಡಿದು ಅಲ್ಲಾಡಿಸಿದರೆ ಓಲಾಡುವುದಿಲ್ಲ. ಈ ಎರಡೂ ಲಕ್ಷಣಗಳು ಒಟ್ಟಿಗೆ ಇರಬೇಕು. ಇಳಿಯದಿದ್ದರೆ ಅದು ದಪ್ಪ, ಇಳಿದೂ ಓಲಾಡಿದರೆ ಅದು ಸಣ್ಣ.

ಈ ಬೆರಳಿನ ಪರೀಕ್ಷೆಯನ್ನು ಯಂತ್ರದಲ್ಲಿ ಥ್ರೆಡ್ ಇರುವ ಪ್ರತಿಯೊಂದು ತೂತಿಗೂ ಅನ್ವಯಿಸಬಹುದು, ಅನ್ವಯಿಸಬೇಕು ಎಂಬುದೇ ನನ್ನ ಅಭಿಪ್ರಾಯ. ಸ್ಕ್ರೂಡ್ರೈವರ್ ದಪ್ಪನೆಯ ಹಿಡಿಯಿಂದ ನಮ್ಮ ಬಲವನ್ನು ಹೆಚ್ಚಿಸುತ್ತದೆ, ಅದರೊಂದಿಗೆ ತಪ್ಪು ಸ್ಕ್ರೂವಿನ ಪ್ರತಿರೋಧವನ್ನು ನಮ್ಮ ಕೈಗೆ ತಿಳಿಯದಂತೆ ಮುಚ್ಚಿಹಾಕುತ್ತದೆ. ಮೊದಲ ಎರಡು ಸುತ್ತು ಬೆರಳಿನಿಂದಲೇ ಆಗಲಿ, ಆಮೇಲೆ ಉಪಕರಣ. ಸ್ಕ್ರೂ ಓರೆಯಾಗಿ ಹಿಡಿದುಕೊಳ್ಳದಂತೆ ನೋಡಲು ಇನ್ನೊಂದು ಉಪಾಯವಿದೆ: ತೂತಿನ ಮೇಲೆ ಸ್ಕ್ರೂವನ್ನು ನೆಟ್ಟಗೆ ನಿಲ್ಲಿಸಿ ಮೊದಲು ಬಿಚ್ಚುವ ದಿಕ್ಕಿಗೆ ನಿಧಾನವಾಗಿ ತಿರುಗಿಸಬೇಕು. ಒಂದು ಹಂತದಲ್ಲಿ ಅದು ಚೂರು ಕೆಳಗೆ ಜಾರಿ ಕೂತದ್ದು ಕೈಗೆ ಗೊತ್ತಾಗುತ್ತದೆ. ಅದೇ ಎರಡು ಥ್ರೆಡ್‌ಗಳ ಬಾಯಿ ಒಂದಕ್ಕೊಂದು ಸಿಕ್ಕಿದ ಜಾಗ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಓರೆಯಾಗುವ ಸಂಭವ ತೀರ ಕಡಿಮೆ.

ಸ್ಟ್ಯಾಂಡ್‌ಆಫ್‌ಗಳ ಬಗ್ಗೆ ಇನ್ನೊಂದು ಮಾತು. ಪೂರ್ಣ ಗಾತ್ರದ ಎಟಿಎಕ್ಸ್ ಬೋರ್ಡಿಗೆ ಸಾಮಾನ್ಯವಾಗಿ ಒಂಬತ್ತು ತೂತುಗಳು, ಮಿನಿ ಐಟಿಎಕ್ಸ್ ಬೋರ್ಡಿಗೆ ನಾಲ್ಕು. ಕ್ಯಾಬಿನೆಟ್ಟಿನಲ್ಲಿ ಮೊದಲೇ ಕೂರಿಸಿ ಕಳುಹಿಸಿದ ಸ್ಟ್ಯಾಂಡ್‌ಆಫ್‌ಗಳು ದೊಡ್ಡ ಬೋರ್ಡಿಗೆಂದು ಇಟ್ಟವಾಗಿದ್ದು, ನಮ್ಮದು ಚಿಕ್ಕ ಬೋರ್ಡಾಗಿದ್ದರೆ, ಬೋರ್ಡಿನ ತೂತಿಲ್ಲದ ಜಾಗದಲ್ಲಿ ಒಂದು ಕಂಬ ಉಳಿದು ಹಿಂಬದಿಗೆ ತಾಗುತ್ತದೆ. ಅಂಥದ್ದನ್ನು ಬಿಚ್ಚಿ ತೆಗೆಯಲೇಬೇಕು. ಸ್ಕ್ರೂ ಬಿಚ್ಚುವಾಗ ಸ್ಟ್ಯಾಂಡ್‌ಆಫ್ ಕೂಡ ಅದರ ಜೊತೆ ತಿರುಗುತ್ತಿದ್ದರೆ ಅದು ತಗಡಿಗೆ ಸರಿಯಾಗಿ ಬಿಗಿದಿಲ್ಲ ಎಂದರ್ಥ. ಮೊದಲ ಸಲವೇ ಅದನ್ನು ಇಕ್ಕಳದಿಂದಲೋ ಚಿಕ್ಕ ಸ್ಪ್ಯಾನರ್‌ನಿಂದಲೋ ಮೃದುವಾಗಿ ಬಿಗಿದುಕೊಳ್ಳುವುದು ಮೇಲು. ಬೋರ್ಡಿನ ಸ್ಕ್ರೂಗಳನ್ನು ಬಲವಾಗಿ ಬಿಗಿಯುವ ಅಗತ್ಯವಿಲ್ಲ. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಆಮೇಲೆ ಎದುರು ಬದುರು ಮೂಲೆಗಳಂತೆ ಒಂದೊಂದಾಗಿ, ಹಿಡಿಯನ್ನು ಮೂರು ಬೆರಳಿನಲ್ಲಿ ಹಿಡಿದು ತಿರುಗುವುದು ನಿಲ್ಲುವವರೆಗೆ ಬಿಗಿದರೆ ಸಾಕು.

ಎಂ.2 ಎಸ್‌ಎಸ್‌ಡಿಯನ್ನು ಹಿಡಿಯುವ ಸ್ಕ್ರೂ ಈ ಯಂತ್ರದಲ್ಲಿ ಅತಿ ಚಿಕ್ಕದು ಮತ್ತು ಅತಿ ಹೆಚ್ಚು ಕಳೆದುಹೋಗುವಂಥದ್ದು. ಅದರ ಅಳತೆ ಬಹುತೇಕ ಎಂ2, ಅಂದರೆ 2 ಮಿ.ಮೀ. ವ್ಯಾಸ, ಉದ್ದ ಸುಮಾರು 3 ಮಿ.ಮೀ. ಇಲ್ಲಿ ಹೆಸರುಗಳು ಮೋಸ ಮಾಡುತ್ತವೆ: ಚುಕ್ಕೆ ಇರುವ ಎಂ.2 ಎಂಬುದು ಎಸ್‌ಎಸ್‌ಡಿ ಕೂರುವ ಸ್ಲಾಟಿನ ಹೆಸರು, ಚುಕ್ಕೆ ಇಲ್ಲದ ಎಂ2 ಎಂಬುದು ಸ್ಕ್ರೂವಿನ ಅಳತೆ. ಹೊಸಬರು ಈ ಸ್ಕ್ರೂವನ್ನು ಎಸ್‌ಎಸ್‌ಡಿಯ ಡಬ್ಬಿಯಲ್ಲಿ ಹುಡುಕಿ ಸಿಗದೆ ಅಂಗಡಿಗೆ ವಾಪಸು ಹೋಗುವುದುಂಟು. ಸಾಮಾನ್ಯವಾಗಿ ಅದು ಬರುವುದು ಮದರ್‌ಬೋರ್ಡಿನ ಡಬ್ಬಿಯಲ್ಲಿ, ಪುಟ್ಟ ಪೊಟ್ಟಣದೊಳಗೆ, ಅಥವಾ ಬೋರ್ಡಿನಲ್ಲೇ ಅದರ ಜಾಗಕ್ಕೆ ತಿರುಗಿಸಿಟ್ಟಿರುತ್ತಾರೆ. ಜೊತೆಗೆ ಬರುವ ಪುಟ್ಟ ಸ್ಟ್ಯಾಂಡ್‌ಆಫನ್ನು ಎಸ್‌ಎಸ್‌ಡಿಯ ಉದ್ದಕ್ಕೆ ತಕ್ಕ ಜಾಗದಲ್ಲಿ ಕೂರಿಸಬೇಕು. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಇತ್ತೀಚಿನ ಕೆಲವು ಬೋರ್ಡ್‌ಗಳಲ್ಲಿ ಸ್ಕ್ರೂ ಬದಲು ತಿರುಗಿಸಿ ಹಿಡಿಸುವ ಪ್ಲಾಸ್ಟಿಕ್ ಕೊಂಡಿ ಇರುತ್ತದೆ, ಅದು ನಿಜಕ್ಕೂ ಉಪಕಾರದ ಬದಲಾವಣೆ.

ಫ್ಯಾನಿನ ಸ್ಕ್ರೂಗಳು ಬೇರೆಯದೇ ಜಾತಿ. ಫ್ಯಾನಿನ ಪ್ಲಾಸ್ಟಿಕ್ ಚೌಕಟ್ಟಿನ ಮೂಲೆಯಲ್ಲಿರುವ ತೂತಿಗೆ ಥ್ರೆಡ್ಡೇ ಇರುವುದಿಲ್ಲ. ಅಗಲವಾದ, ಚೂಪು ಥ್ರೆಡ್ಡಿನ ದಪ್ಪ ಸ್ಕ್ರೂ ತಾನೇ ಪ್ಲಾಸ್ಟಿಕ್ಕನ್ನು ಕೊರೆದು ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಬೆರಳಿನ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಮೊದಲ ಸಲ ಒತ್ತಿ, ನೇರವಾಗಿ ಹಿಡಿದು ತಿರುಗಿಸಲೇಬೇಕು. ನೀರಿನಿಂದ ತಂಪು ಮಾಡುವ ಕೂಲರ್‌ನ ರೇಡಿಯೇಟರಿಗೆ ಫ್ಯಾನ್ ಕಟ್ಟುವಾಗ ಮಾತ್ರ ಈ ಸ್ಕ್ರೂಗಳನ್ನು ಬಳಸಬಾರದು. ಅಲ್ಲಿ ಲೋಹದ ಥ್ರೆಡ್ ಇರುತ್ತದೆ, ಅದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಮತ್ತು 25 ಮಿ.ಮೀ. ದಪ್ಪದ ಫ್ಯಾನನ್ನು ದಾಟಲು ಸುಮಾರು 30 ಮಿ.ಮೀ. ಉದ್ದದ ಸ್ಕ್ರೂಗಳನ್ನು ಕೂಲರ್ ಜೊತೆಯಲ್ಲೇ ಕೊಟ್ಟಿರುತ್ತಾರೆ. ಆ ಉದ್ದನೆಯ ಸ್ಕ್ರೂವನ್ನು ಮಧ್ಯೆ ಫ್ಯಾನ್ ಇಲ್ಲದೆ ನೇರವಾಗಿ ರೇಡಿಯೇಟರಿಗೆ ತಿರುಗಿಸಿದರೆ ಅದರ ತುದಿ ನೀರು ಹರಿಯುವ ಕೊಳವೆಯನ್ನು ಚುಚ್ಚಿಬಿಡಬಹುದು. ಇಡೀ ಲೇಖನದಲ್ಲಿ ಒಂದೇ ಒಂದು ಎಚ್ಚರಿಕೆಯನ್ನು ನೆನಪಿಡಬೇಕಾದರೆ ಇದನ್ನೇ ನೆನಪಿಡಿ, ಏಕೆಂದರೆ ತೂತು ಬಿದ್ದ ರೇಡಿಯೇಟರಿನ ನೀರು ಚಾಲನೆಯಲ್ಲಿರುವ ಬೋರ್ಡಿನ ಮೇಲೆ ಸುರಿಯುತ್ತದೆ.

ಪ್ರೊಸೆಸರಿನ ಕೂಲರ್‌ಗೆ ಅದರ ಡಬ್ಬಿಯ ಸ್ಕ್ರೂಗಳನ್ನು ಬಿಟ್ಟು ಬೇರೆ ಬಳಸಬೇಡಿ. ಎಎಂಡಿ ಪ್ರೊಸೆಸರ್ ಕೂರುವ ಎಎಂ4, ಎಎಂ5 ಸಾಕೆಟ್ಟಿನ ಬೋರ್ಡ್‌ಗಳ ಹಿಂಬದಿಯ ಲೋಹದ ಪಟ್ಟಿಯಲ್ಲಿರುವುದು ಕೂಡ 6-32 ಥ್ರೆಡ್ಡೇ, ಆದರೆ ಅಲ್ಲಿ ಥ್ರೆಡ್ಡಿನಷ್ಟೇ ಉದ್ದ ಮತ್ತು ಸ್ಪ್ರಿಂಗ್ ಕೂಡ ಲೆಕ್ಕಕ್ಕೆ ಬರುತ್ತವೆ.

ಸ್ಕ್ರೂಡ್ರೈವರ್ ವಿಷಯ. ನಮ್ಮಲ್ಲಿ ಸ್ಟಾರ್ ಎಂದು ಕರೆಯುವ ಪ್ಲಸ್ ಆಕಾರದ ತುದಿ ಫಿಲಿಪ್ಸ್ ಮಾದರಿಯದು. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪಡೆದ ಪೇಟೆಂಟಿನಿಂದ ಆ ಹೆಸರು ಬಂತು. ಈ ತುದಿಗಳ ಗಾತ್ರವನ್ನು ಪಿಎಚ್ ಸಂಖ್ಯೆಯಿಂದ ಹೇಳುತ್ತಾರೆ: 6-32ಕ್ಕೆ ಪಿಎಚ್2, ಎಂ3ಗೆ ತಲೆಯನ್ನು ನೋಡಿಕೊಂಡು ಪಿಎಚ್1 ಅಥವಾ ಪಿಎಚ್2, ಎಸ್‌ಎಸ್‌ಡಿಯ ಎಂ2ಗೆ ಪಿಎಚ್0 ಅಥವಾ ಪಿಎಚ್1 ಹಿಡಿಸುತ್ತದೆ. ತಲೆಯ ಮೇಲಿನ ಪ್ಲಸ್ ಗುಳಿಗೆ ಹೋಲಿಸಿದರೆ ಸಣ್ಣದಾದ ತುದಿಯಿಂದ ತಿರುಗಿಸಿದರೆ ಅದು ಜಾರಿ ಪ್ಲಸ್ ಆಕಾರವನ್ನೇ ಸವೆಸಿಬಿಡುತ್ತದೆ. ಅಯಸ್ಕಾಂತದ ತುದಿಯಿಂದ ಇಂದಿನ ಭಾಗಗಳಿಗೆ ಹಾನಿಯಿಲ್ಲ, ಇಕ್ಕಟ್ಟಿನ ಜಾಗದಲ್ಲಿ ಸ್ಕ್ರೂ ಬೀಳದಂತೆ ಅದು ಹಿಡಿದುಕೊಳ್ಳುತ್ತದೆ.

ಚೀಲವೇ ಇಲ್ಲದ ಹಳೆಯ ಕ್ಯಾಬಿನೆಟ್ ಕೊಂಡವರಿಗೆ ಸ್ಕ್ರೂ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಬರುತ್ತದೆ. ಭಾರತ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದ ದೇಶ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ3 ಸುಲಭವಾಗಿ ಸಿಗುತ್ತದೆ, 6-32 ಕೇಳಿದರೆ ಬಹುಶಃ ಅರ್ಥವಾಗುವುದಿಲ್ಲ. ಅಲ್ಲಿ ಇಂಚಿನ ಸ್ಕ್ರೂ ಎಂದು ಕೇಳಿ ತಂದರೂ ಅದು ಬ್ರಿಟಿಷರ ವಿಟ್‌ವರ್ತ್ ಮಾದರಿಯದಾಗಿರಬಹುದು. ಅದರಲ್ಲಿ 1/8 ಇಂಚಿನ ಸ್ಕ್ರೂಗೆ ಇಂಚಿಗೆ 40 ಥ್ರೆಡ್. 5/32 ಇಂಚಿನದಕ್ಕೆ 32 ಥ್ರೆಡ್ ಇದ್ದರೂ ದಪ್ಪ ಸುಮಾರು 4 ಮಿ.ಮೀ. ಎರಡೂ ಹೊಂದುವುದಿಲ್ಲ. ಎಂ3.5 ಎಂಬ ಮೆಟ್ರಿಕ್ ಸ್ಕ್ರೂ ಇನ್ನೂ ಹೆಚ್ಚು ಮೋಸದ್ದು: ದಪ್ಪ 6-32ರಷ್ಟೇ 3.5 ಮಿ.ಮೀ., ಆದರೆ ಪಿಚ್ 0.6 ಮಿ.ಮೀ. ದಪ್ಪವನ್ನು ಮಾತ್ರ ಅಳೆದು ನೋಡಿದವರಿಗೆ ಇವೆರಡರ ನಡುವೆ ಭೇದವೇ ಕಾಣುವುದಿಲ್ಲ.

ಹಾಗಾಗಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗೇ ಹೋಗುವುದು ಸರಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಬೇರೆ ಊರುಗಳಲ್ಲಿ ರಿಪೇರಿ ಮಾಡುವವರ ಬಳಿ ಒಂದು ಡಬ್ಬಿ ತುಂಬ ಹಳೆಯ ಸ್ಕ್ರೂಗಳು ಇದ್ದೇ ಇರುತ್ತವೆ. ಸಂಖ್ಯೆ ಹೇಳುವುದಕ್ಕಿಂತ ‘ಎಸ್‌ಎಂಪಿಎಸ್‌ಗೆ ಹಾಕುವ ಸ್ಕ್ರೂ’, ‘ಡಿವಿಡಿ ಡ್ರೈವ್‌ಗೆ ಹಾಕುವ ಸ್ಕ್ರೂ’ ಎಂದು ಕೇಳಿದರೆ ಬೇಗ ಕೆಲಸವಾಗುತ್ತದೆ. ತಂದದ್ದು ಸರಿಯೇ ಎಂದು ಪರೀಕ್ಷಿಸಲು ನಾನು ಎರಡು ಕೆಟ್ಟ ವಸ್ತುಗಳನ್ನು ಎಸೆಯದೆ ಇಟ್ಟುಕೊಂಡಿದ್ದೇನೆ: ಓಡದ ಒಂದು ಡಿವಿಡಿ ಡ್ರೈವ್, ಓದದ ಒಂದು ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್. ಮೊದಲನೆಯದರ ಬದಿಯ ತೂತು ಎಂ3ಕ್ಕೆ, ಎರಡನೆಯದರ ಬದಿಯ ತೂತು 6-32ಕ್ಕೆ ನಂಬಬಹುದಾದ ಅಳತೆಯ ಅಚ್ಚು. ಗುರುತು ತಿಳಿಯದ ಯಾವ ಸ್ಕ್ರೂ ಸಿಕ್ಕಿದರೂ ಎರಡಕ್ಕೂ ಬೆರಳಿನಿಂದ ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಅದರ ಕುಲ ತಿಳಿಯುತ್ತದೆ, ಮತ್ತು ತಪ್ಪಾದರೂ ಒಳ್ಳೆಯ ಭಾಗವೇನೂ ಕೆಡುವುದಿಲ್ಲ.

ಒಂದು ವೇಳೆ ಥ್ರೆಡ್ ಹೋಗಿಯೇ ಬಿಟ್ಟರೆ ನಷ್ಟ ಎಷ್ಟು ಎಂಬುದು ಯಾವ ಲೋಹ ಎಂಬುದರ ಮೇಲೆ ನಿಂತಿದೆ. ಸ್ಕ್ರೂ ಉಕ್ಕಿನದು, ಅದು ತನಗಿಂತ ಮೆತ್ತಗಿನದನ್ನು ಕತ್ತರಿಸುತ್ತದೆ. ಸ್ಟ್ಯಾಂಡ್‌ಆಫಿನ ಹಿತ್ತಾಳೆ ಹೋದರೆ ಹೊಸದನ್ನು ಹಾಕಿಕೊಳ್ಳಬಹುದು. ಹಾರ್ಡ್ ಡಿಸ್ಕಿನ ಅಲ್ಯೂಮಿನಿಯಂ ಮೈಯಲ್ಲಿ ಹೋದರೆ ಆ ತೂತನ್ನು ಬಿಟ್ಟು ಪಕ್ಕದ ತೂತನ್ನು ಬಳಸಬೇಕು. ಪ್ರತಿ ಬದಿಗೂ ಒಂದಕ್ಕಿಂತ ಹೆಚ್ಚು ತೂತುಗಳಿರುವುದರಿಂದ ಅದಕ್ಕೆ ಅವಕಾಶವಿರುತ್ತದೆ. ತಪ್ಪು ಸ್ಕ್ರೂ ಒಳಗೆ ಸಿಕ್ಕಿಕೊಂಡು ಸುಮ್ಮನೆ ತಿರುಗುತ್ತಿದ್ದರೆ, ಅದರ ತಲೆಯ ಕೆಳಗೆ ತೆಳ್ಳನೆಯ ತುದಿಯಿಂದ ಮೀಟಿ ಹೊರಕ್ಕೆ ಎಳೆಯುತ್ತ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಸಾಮಾನ್ಯವಾಗಿ ಹೊರಬರುತ್ತದೆ.

ಎಲ್ಲ ಜೋಡಿಸಿದ ಮೇಲೆ ಉಳಿದ ಸ್ಕ್ರೂಗಳನ್ನು 6-32 ಒಂದು ಪೊಟ್ಟಣದಲ್ಲಿ, ಎಂ3 ಇನ್ನೊಂದರಲ್ಲಿ ಹಾಕಿ, ಮೇಲೆ ಹೆಸರು ಬರೆದು, ಕ್ಯಾಬಿನೆಟ್ಟಿನ ಕೈಪಿಡಿಯ ಜೊತೆ ಇಡಿ. ಎಣಿಕೆಯಲ್ಲಿ ಒಂದು ಕಡಿಮೆಯಾಗಿದೆ ಎನಿಸಿದರೆ ವಿದ್ಯುತ್ ಕೊಡುವ ಮೊದಲು ಕ್ಯಾಬಿನೆಟ್ಟನ್ನು ಮೆಲ್ಲಗೆ ಓರೆ ಮಾಡಿ ಕಿವಿಗೊಡಿ. ಬಿದ್ದ ಸ್ಕ್ರೂ ಹೆಚ್ಚಾಗಿ ಮದರ್‌ಬೋರ್ಡಿನ ಹಿಂದೆಯೋ ಎಸ್‌ಎಂಪಿಎಸ್ ಮುಚ್ಚಳದ ಕೆಳಗೋ ಉರುಳುವ ಸದ್ದು ಮಾಡುತ್ತದೆ. ಅದು ಸಿಗುವವರೆಗೆ ಸ್ವಿಚ್ ಹಾಕಬೇಡಿ.